ನಾಗಚಂದ್ರನ ರಾವಣನಲ್ಲಿ ಅರಿವು ಮತ್ತು ಅಭಿಮಾನ

೧

ದುರಂತ ನಾಯಕನ ಅಂತರಂಗದಲ್ಲಿ ಒಳಿತು ಕೆಡುಕುಗಳ ಹೋರಾಟ ನಡೆಯುತ್ತದೆಂಬುದು ಸಾಹಿತ್ಯ ವಿಮರ್ಶೆಯಲ್ಲಿ ಈಗ ಬಳಕೆಯಾಗಿಹೋಗಿರುವ ಮಾತು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿಯೂ ವಿದ್ವಾಂಸರ ಪ್ರಬಂಧಗಳಲ್ಲಿಯೂ ಅದು ಒಂದೇ ರೀತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಅಖಾಡದಲ್ಲಿ ಇಬ್ಬರು ಜಟ್ಟಿಗಳು ಹಿಡಿದಾಡುವಂತೆ ನಾಯಕನ ಮನಸ್ಸಿನಲ್ಲಿ ಸದ್ಗುಣವೊಂದು ದುರ್ಗುಣವೊಂದು ಸೆಣಸುತ್ತವೆ. ಕೊನೆಗೆ ದುರ್ಗುಣ ಗೆಲ್ಲುತ್ತದೆ, ನಾಯಕ ಬೀಳುತ್ತಾನೆ, ನಾವು ಮರುಗುತ್ತೇವೆ ಎಂಬುದು ಈ ಮಾತಿನ ಹಿಂದಿರುವ ಚಿತ್ರ. ಈ ಚಿತ್ರ ಪೂರ್ತಿಯಾಗಿ ಸುಳ್ಳಲ್ಲ. ಆದರೆ ಇಷ್ಟಕ್ಕೇ ತೃಪ್ತರಾದರೆ ದೊಡ್ಡ ಕೃತಿಗಳಲ್ಲಿ ಬರುವ ದುರಂತದ ಮರ್ಮ ನಮ್ಮ ಕೈಗೆ ಸಿಕ್ಕುವುದಿಲ್ಲವೆಂದು ನಮಗೆ ತೋರುತ್ತದೆ. ಕೆಡುಕು ಕೆಡುಕಿನ ವೇಷದಲ್ಲಿಯೇ ಎದುರಿಗೆ ಬಂದು ನಿಂತರೆ ಅದನ್ನು ಗುರುತಿಸುವುದು ಸುಲಭ. ಒಳ್ಳೆಯ ಗುಣವೆಂದು ನಾಯಕನೂ ಲೋಕವೂ ನಂಬಿರುವ ಒಂದು ಗುಣವೇ ಅವನ ನಾಶಕ್ಕೆ ಕಾರಣವಾದರೆ, ಆಗ ಹೋರಾಟದ ಸ್ವರೂಪವೇ ಬೇರೆಯಾಗುತ್ತದೆ.

ಈ ಪ್ರಶ್ನೆಯನ್ನು ವಿವೇಚಿಸಲು ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದ ರಾವಣನಿಗಿಂತ ತಕ್ಕ ಪಾತ್ರ ಪ್ರಾಚೀನ ಕನ್ನಡದಲ್ಲಿ ಮತ್ತೊಂದಿಲ್ಲ. ಕ್ರಿ.ಶ. ೧೧೦೦ರ ಸುಮಾರಿನ ಈ ಚಂಪೂಕಾವ್ಯ ‘ಪಂಪ ರಾಮಾಯಣ’ವೆಂದೇ ಪ್ರಸಿದ್ಧವಾಗಿದೆ, ಹದಿನಾರು ಆಶ್ವಾಸಗಳ ಈ ಕೃತಿಯ ಕರ್ತೃ ತನ್ನನ್ನು ಅಭಿನವ ಪಂಪನೆಂದು ಕರೆದುಕೊಂಡವನು. ಇಲ್ಲಿಯ ರಾವಣನನ್ನು ದುರಂತ ನಾಯಕನ ಸ್ಥಾನದಲ್ಲಿಟ್ಟು ನೋಡುವ ದೃಷ್ಟಿಯನ್ನು ನಮಗೆ ಕೊಟ್ಟವರು ಬಿ. ಎಂ. ಶ್ರೀಕಂಠಯ್ಯನವರು. ಗ್ರೀಕ್ ರುದ್ರನಾಟಕಗಳನ್ನು ಆಳವಾಗಿ ಅಭ್ಯಾಸಮಾಡಿ, ಸೋಫೋಕ್ಲೀಸನ ‘ಅಜಾಕ್ಸ್’ ನಾಟಕದ ಆಧಾರದ ಮೇಲೆ ೧೯೨೯ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ರಚಿಸಿದ ಅವರ ಕಣ್ಣಿಗೆ ಈ ರಾವಣನ ಹಿರಿಮೆ ಬಿದ್ದುದು ಸಹಜವೇ ಆಗಿದೆ. ಅವರು ತೆರೆದ ದಾರಿಯಲ್ಲಿಯೇ ನಾವು ನಡೆಯುತ್ತಿದ್ದೇವೆ. ಆದರೆ ರಾವಣನು ದುರಂತ ನಾಯಕನೆಂದು ಒಪ್ಪಿಕೊಂಡ ಮೇಲೆಯೂ ಒಂದು ಪ್ರಶ್ನೆ ಉಳಿಯುತ್ತದೆ: ಸೀತೆಯ ಮೇಲಿನ ಮೋಹ ಅಳಿದ ಮೇಲೂ ಅವನು ಏಕೆ ಸಾಯಬೇಕಾಯಿತು? ಕೆಡುಕು ತೊಲಗಿ ಒಳಿತು ಎಚ್ಚತ್ತ ಮೇಲೆ ದುರಂತಕ್ಕೆ ಅವಕಾಶವೆಲ್ಲಿ? ಪ್ರಕೃತ ಲೇಖನದಲ್ಲಿ ಈ ಒಂದು ಪ್ರಶ್ನೆಯನ್ನು ಮಾತ್ರ ಎತ್ತಿಕೊಂಡಿದ್ದೇವೆ.

೨

ಮೊದಲು ವಾಲ್ಮೀಕಿಯ ರಾವಣನನ್ನೂ ಜೈನ ಪರಂಪರೆಯ ರಾವಣನನ್ನೂ ಒಂದು ಸಂದರ್ಭದಲ್ಲಿ ಹೋಲಿಸಿ ನೋಡುವುದು ಉಪಯುಕ್ತ. ಉತ್ತರಕಾಂಡದ ಕಥೆಯಂತೆ ರಾವಣನು ನಳಕೂಬರನಿಗೆ ಒಲಿದ ರಂಭೆಯನ್ನು ಬಲಾತ್ಕರಿಸುತ್ತಾನೆ. ಒಲ್ಲದ ಹೆಣ್ಣನ್ನು ಇನ್ನೊಮ್ಮೆ ಮುಟ್ಟಿದರೆ ನಿನ್ನ ತಲೆ ಸಿಡಿದು ಹೋಗಲಿ ಎಂದು ನಳಕೂಬರನು ಶಪಿಸುತ್ತಾನೆ. ಆದುದರಿಂದ ಲಂಕೆಯಲ್ಲಿ ಸೀತೆಯ ಮಾನ ಉಳಿದುದಕ್ಕೆ ಆಕೆಯ ಪಾತಿವ್ರತ್ಯದೊಂದಿಗೆ ಈ ಶಾಪದ ಭಯವೂ ಕಾರಣ. ರಾವಣನನ್ನು ತಡೆದದ್ದು ಹೊರಗಿನ ಶಕ್ತಿಯೇ ಹೊರತು ಅವನ ಮನಸ್ಸಲ್ಲ.

ಜೈನ ರಾಮಕಥೆಯಲ್ಲಿ ಇದೇ ಪ್ರಸಂಗ ತಲೆಕೆಳಗಾಗಿದೆ. ಇಲ್ಲಿ ನಳಕೂಬರನ ಹೆಂಡತಿಯ ಹೆಸರು ಉಪರಂಭೆ. ರಾವಣನು ನಳಕೂಬರನ ಕೋಟೆಯನ್ನು ಮುತ್ತಿರುವಾಗ ಅವಳೇ ರಾವಣನನ್ನು ಮೋಹಿಸಿ ಬರುತ್ತಾಳೆ. ಆ ಕೋಟೆಯನ್ನು ಗೆಲ್ಲುವ ವಿದ್ಯೆಯನ್ನು ಅವಳಿಂದ ಪಡೆದ ರಾವಣನು ಅವಳನ್ನು ಮಾತ್ರ ಸ್ವೀಕರಿಸದೆ ಬುದ್ಧಿಹೇಳಿ ಗಂಡನ ಬಳಿಗೆ ಕಳುಹಿಸಿಬಿಡುತ್ತಾನೆ. ಅಲ್ಲಿ ಅಪರಾಧಿಯಾಗಿದ್ದವನು ಇಲ್ಲಿ ಸಂಯಮಿ. ಅಲ್ಲಿ ಶಾಪವಿದ್ದ ಸ್ಥಳದಲ್ಲಿ ಇಲ್ಲಿ ವ್ರತವಿದೆ: ತನಗೆ ಒಲಿಯದ ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ಅನಂತವೀರ್ಯ ಕೇವಲಿಗಳ ಸನ್ನಿಧಿಯಲ್ಲಿ ಅವನು ತಾನಾಗಿಯೇ ಕೈಕೊಂಡ ವ್ರತ.

ಈ ಬದಲಾವಣೆ ಕೇವಲ ಕಥಾಭೇದವಲ್ಲ. ಶಾಪಕ್ಕೆ ಹೆದರಿದವನಲ್ಲಿ ಅಂತರಂಗದ ಹೋರಾಟಕ್ಕೆ ಎಡೆಯಿಲ್ಲ. ಅವನು ಕಾವಲಿಗೆ ಅಂಜಿದ ಕಳ್ಳನಂತೆ. ವ್ರತವನ್ನು ತೊಟ್ಟವನು ತನಗೆ ತಾನೇ ಕಾವಲು. ಅವನಲ್ಲಿ ಆಸೆ ಹುಟ್ಟಿದರೆ ಅದು ಅವನ ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ ನಡುವೆ ನಡೆಯುವ ವ್ಯಾಜ್ಯವಾಗುತ್ತದೆ. ಒಬ್ಬ ಖಳನನ್ನು ದುರಂತ ನಾಯಕನನ್ನಾಗಿ ಮಾಡಲು ಬೇಕಾದ ಮೊದಲ ಸಾಮಗ್ರಿಯನ್ನು ಜೈನ ಪರಂಪರೆ ಹೀಗೆ ಒದಗಿಸಿಕೊಟ್ಟಿದೆ.

ಆದರೆ ಉಪರಂಭೆಯ ಪ್ರಸಂಗವನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ರಾವಣನು ಉಪರಂಭೆಯನ್ನು ಒಲ್ಲೆನೆಂದನು. ಅವಳ ಮೋಹದ ಫಲವಾಗಿ ದೊರೆತ ವಿದ್ಯೆಯನ್ನು ಒಲ್ಲೆನೆನ್ನಲಿಲ್ಲ. ಕಾಮವನ್ನು ಗೆಲ್ಲಬಲ್ಲ ಈ ವೀರನು ಗೆಲವನ್ನು ಮಾತ್ರ ಎಂದೂ ಬಿಟ್ಟವನಲ್ಲ. ಈ ಸಣ್ಣ ಸಂಗತಿ ಮುಂದೆ ನಮಗೆ ಬೇಕಾಗುತ್ತದೆ.

೩

ಖರದೂಷಣನ ನೆರವಿಗೆ ಬಂದ ರಾವಣನು ದಂಡಕಾರಣ್ಯದಲ್ಲಿ ಸೀತೆಯನ್ನು ಕಾಣುತ್ತಾನೆ. ಕಂಡಕೂಡಲೇ ಅವನ ಮನಸ್ಸು ಎಲ್ಲೆ ಮೀರುತ್ತದೆ. ವಿದ್ಯೆಯ ಬಲದಿಂದ ಕಪಟದ ಸಿಂಹನಾದವನ್ನು ಉಂಟುಮಾಡಿ, ಲಕ್ಷ್ಮಣನಿಗೆ ಆಪತ್ತು ಬಂದಿತೆಂದು ರಾಮನನ್ನು ನಂಬಿಸಿ, ಒಂಟಿಯಾದ ಸೀತೆಯನ್ನು ಅವನು ಅಪಹರಿಸುತ್ತಾನೆ. ಇಲ್ಲಿ ವೀರತನವಿಲ್ಲ, ಮೋಸವಿದೆ. ಈ ಕೃತ್ಯವನ್ನು ನಾಗಚಂದ್ರನು ಮರೆಮಾಚಿಲ್ಲ, ನಾವೂ ಮರೆಮಾಚಬಾರದು.

ಆದರೂ ಕವಿ ಈ ಸಂದರ್ಭದಲ್ಲಿ ಒಂದು ಮಾತನ್ನು ಹೇಳುತ್ತಾನೆ. ಕಾಲವಶದಿಂದ ಕಡಲು ಕೂಡ ಒಮ್ಮೆ ತನ್ನ ಮೇರೆಯನ್ನು ದಾಟದೆ ಇರುವುದೇ ಎಂಬುದು ಅದರ ಭಾವ. ಇದನ್ನು ಕೆಲವರು ರಾವಣನ ಪರವಾದ ಕ್ಷಮಾಯಾಚನೆಯೆಂದು ಓದುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಮೇರೆಯೊಳಗೆ ನಿಲ್ಲುವುದು ಕಡಲಿನ ಸ್ವಭಾವ; ಮೀರುವುದು ಅಪವಾದ. ಸಣ್ಣ ಹಳ್ಳ ಉಕ್ಕಿದರೆ ಯಾರೂ ಬೆರಗಾಗುವುದಿಲ್ಲ. ಕಡಲು ಉಕ್ಕಿದರೆ ನಾಡೇ ಮುಳುಗುತ್ತದೆ. ಉಪಮಾನ ರಾವಣನ ಹಿರಿಮೆಯನ್ನು ಸೂಚಿಸುವುದರೊಂದಿಗೆ ಅವನ ತಪ್ಪಿನ ಗಾತ್ರವನ್ನೂ ಸೂಚಿಸುತ್ತದೆ. ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ ದುರಂತ ನಾಯಕನು ಸಂಪೂರ್ಣ ಸಜ್ಜನನೂ ಆಗಿರಬಾರದು, ಕೇವಲ ದುಷ್ಟನೂ ಆಗಿರಬಾರದು, ಒಂದು ದೊಡ್ಡ ತಪ್ಪಿನಿಂದ ಪತನ ಹೊಂದುವವನಾಗಿರಬೇಕು ಎಂದು ಹೇಳಿದ್ದು ಇಲ್ಲಿ ನೆನಪಿಗೆ ಬರುತ್ತದೆ.

ಸೀತೆಯನ್ನು ಲಂಕೆಗೆ ತಂದ ಮೇಲೆ ವ್ರತ ತನ್ನ ಕೆಲಸವನ್ನು ಆರಂಭಿಸುತ್ತದೆ. ಅದು ಮಾಡುವ ಕೆಲಸ ಬಹು ವಿಚಿತ್ರವಾದುದು. ಒಲಿಯದವಳನ್ನು ಮುಟ್ಟುವುದಿಲ್ಲವೆಂಬುದು ವ್ರತದ ಅಕ್ಷರ. ಪರಸ್ತ್ರೀಯನ್ನು ಬಯಸಬಾರದೆಂಬುದು ಅದರ ಆತ್ಮ. ರಾವಣನು ಅಕ್ಷರವನ್ನು ಹಿಡಿದುಕೊಂಡು ಆತ್ಮವನ್ನು ಬಿಟ್ಟಿದ್ದಾನೆ. ಅವಳು ಇಂದಲ್ಲ ನಾಳೆ ಒಲಿದಾಳೆಂಬ ಆಸೆಗೆ ಆ ಅಕ್ಷರವೇ ಆಶ್ರಯವಾಗುತ್ತದೆ. ಹೀಗೆ ಸೀತೆಯನ್ನು ರಕ್ಷಿಸಿದ ವ್ರತವೇ ರಾವಣನ ಆಸೆಯನ್ನೂ ಸಾಯದಂತೆ ಕಾಯುತ್ತದೆ. ಹಿತವನ್ನು ಹೇಳಿದ ವಿಭೀಷಣನು ಶತ್ರುವಾಗಿ ಕಾಣುತ್ತಾನೆ, ಅಣ್ಣನನ್ನು ಬಿಟ್ಟು ರಾಮನನ್ನು ಸೇರುತ್ತಾನೆ. ಈ ಅವಧಿಯಲ್ಲಿ ರಾವಣನೊಳಗೆ ಒಳಿತು ಸತ್ತಿಲ್ಲ. ಆದರೆ ಅದು ಕೆಡುಕಿನೊಂದಿಗೆ ಒಂದು ಬಗೆಯ ರಾಜಿಯನ್ನು ಮಾಡಿಕೊಂಡಿದೆ. ಮನುಷ್ಯರಾದ ನಮ್ಮಲ್ಲಿ ಅನೇಕರ ಸ್ಥಿತಿಯೂ ಇದೇ ಅಲ್ಲವೆ?

೪

ಇನ್ನು ಕಾವ್ಯದ ಮುಖ್ಯ ಘಟ್ಟಕ್ಕೆ ಬರೋಣ. ರಾವಣನು ಶಾಂತಿನಾಥನ ಜಿನಾಲಯದಲ್ಲಿ ಅಚಲನಾಗಿ ಕುಳಿತು ಬಹುರೂಪಿಣೀ ವಿದ್ಯೆಯನ್ನು ಸಾಧಿಸುತ್ತಾನೆ. ಆ ಬಲದ ಉಬ್ಬಿನಲ್ಲಿ ಸೀತೆಯ ಬಳಿಗೆ ಬರುತ್ತಾನೆ. ಇನ್ನು ರಾಮಲಕ್ಷ್ಮಣರು ಉಳಿಯುವುದಿಲ್ಲವೆಂಬ ಭರವಸೆ ಅವನಿಗೆ. ರಾಮನ ಆಯುಸ್ಸೇ ತನ್ನ ಆಯುಸ್ಸೆಂಬ ಭಾವದಿಂದ ಸೀತೆ ನುಡಿದು ಮೂರ್ಛೆಹೋಗುತ್ತಾಳೆ. ಅಲ್ಲಿಯವರೆಗೆ ಯಾರ ಉಪದೇಶಕ್ಕೂ ಕರಗದ ರಾವಣನ ಮನಸ್ಸು ಆ ಮೂರ್ಛೆಯನ್ನು ಕಂಡು ಕರಗುತ್ತದೆ. ಕದಡಿದ ನೀರು ತನ್ನಷ್ಟಕ್ಕೆ ತಾನೇ ತಿಳಿಯಾಗುವಂತೆ ದಶಮುಖನ ಮನಸ್ಸು ತಿಳಿಯಾಗಿ ಸೀತೆಯಲ್ಲಿ ವೈರಾಗ್ಯ ಹುಟ್ಟಿತೆಂದು ಕವಿ ಹೇಳುತ್ತಾನೆ. ಉದಾತ್ತನಾದವನಲ್ಲಿ ನೀಲಿಯ ಬಣ್ಣದಂತೆ ತೊಳೆದರೂ ಹೋಗದ ರಾಗ ನಿಲ್ಲುವುದಿಲ್ಲವೆಂಬುದು ಅವನ ಸಮರ್ಥನೆ.

ಹಿಂದೆ ಕಡಲಿನ ಉಪಮಾನ ಬಂದಿತ್ತು. ಈಗ ಕದಡಿದ ನೀರಿನ ಉಪಮಾನ. ಎರಡೂ ಒಂದೇ ಅಭಿಪ್ರಾಯವನ್ನು ಪುಷ್ಟಿಗೊಳಿಸುತ್ತವೆ. ಎಲ್ಲೆಯಲ್ಲಿರುವುದು ಕಡಲಿಗೆ ಹೇಗೆ ಸಹಜವೋ, ತಿಳಿಯಾಗಿರುವುದು ನೀರಿಗೆ ಹಾಗೆ ಸಹಜ. ಕೆಸರು ಹೊರಗಿನಿಂದ ಬಂದದ್ದು. ಅದನ್ನು ಬೇರೊಬ್ಬರು ಶೋಧಿಸಬೇಕಾಗಿಲ್ಲ; ಕಲಕುವುದು ನಿಂತರೆ ಸಾಕು, ಕೆಸರು ತಳಕ್ಕೆ ಇಳಿಯುತ್ತದೆ. ತಳಕ್ಕೆ ಇಳಿಯುತ್ತದೆಯೇ ಹೊರತು ಇಲ್ಲವಾಗುವುದಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು.

‘ಉದಾತ್ತ’ ಎಂಬ ಪದ ನಮ್ಮ ವಿಶೇಷ ಪರಿಶೀಲನೆಗೆ ಅರ್ಹವಾದುದು. ಹತ್ತನೆಯ ಶತಮಾನದ ಧನಂಜಯನು ‘ದಶರೂಪಕ’ದಲ್ಲಿ ಪ್ರತಿನಾಯಕನ ಲಕ್ಷಣವನ್ನು ಹೇಳುವಾಗ ಅವನು ಲೋಭಿ, ಧೀರೋದ್ಧತ, ಹಟಮಾರಿ, ಪಾಪಿ, ವ್ಯಸನಿ ಎನ್ನುತ್ತಾನೆ. ರಾಮನಿಗೆ ಪ್ರತಿನಾಯಕನಾದ ರಾವಣನೇ ಇದಕ್ಕೆ ಪ್ರಸಿದ್ಧ ಉದಾಹರಣೆ. ಶಾಸ್ತ್ರ ‘ಉದ್ಧತ’ನೆಂದವನನ್ನು ನಾಗಚಂದ್ರನು ‘ಉದಾತ್ತ’ನೆಂದು ಕರೆದಿದ್ದಾನೆ. ನಾಯಕನಿಗೆ ಸಲ್ಲುವ ವಿಶೇಷಣವನ್ನು ಪ್ರತಿನಾಯಕನಿಗೆ ಸಲ್ಲಿಸಿದ್ದಾನೆ. ರಾವಣನ ಪಶ್ಚಾತ್ತಾಪದ ಚೌಕಟ್ಟು ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಲ್ಲಿಯೂ, ಏಳನೆಯ ಶತಮಾನದ ರವಿಷೇಣನ ಸಂಸ್ಕೃತ ‘ಪದ್ಮಪುರಾಣ’ದಲ್ಲಿಯೂ ಇದೆ. ಆದುದರಿಂದ ಕಥಾಂಶವೆಲ್ಲ ನಾಗಚಂದ್ರನ ಕಲ್ಪನೆಯೆಂದು ಹೊಗಳುವುದು ನ್ಯಾಯವಲ್ಲ. ಆದರೆ ಪರಂಪರೆಯಿಂದ ಬಂದ ಸಂಗತಿಯನ್ನು ಒಂದೆರಡು ಉಪಮಾನಗಳಲ್ಲಿ, ಒಂದು ವಿಶೇಷಣದಲ್ಲಿ ಸಾಂದ್ರಗೊಳಿಸಿ, ಅದಕ್ಕೆ ವ್ಯಕ್ತಿತ್ವದ ವಿಮರ್ಶೆಯ ಬೆಲೆಯನ್ನು ತಂದುಕೊಟ್ಟ ಕೀರ್ತಿ ಅವನದು.

೫

ಇಲ್ಲಿಗೆ ಕಥೆ ಮುಗಿದಿದ್ದರೆ ಇದು ದುರಂತವಾಗುತ್ತಿರಲಿಲ್ಲ. ಪಾಪಿಯೊಬ್ಬನ ಉದ್ಧಾರದ ಕಥೆಯಾಗುತ್ತಿತ್ತು. ಒಬ್ಬರಿಗೊಬ್ಬರು ಪ್ರಾಣದಂತಿದ್ದ ದಂಪತಿಗಳನ್ನು ಅಗಲಿಸಿದೆನೆಂದೂ, ಕುಲಕ್ಕೆ ಅಪಕೀರ್ತಿ ತಂದೆನೆಂದೂ, ವಿಭೀಷಣನ ಹಿತನುಡಿಯನ್ನು ಕೇಳದೆ ಹೋದೆನೆಂದೂ ರಾವಣನು ಪರಿತಪಿಸುತ್ತಾನೆ. ಸೀತೆಯನ್ನು ಹಿಂದಕ್ಕೆ ಕೊಡಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಮರುಗಳಿಗೆಯಲ್ಲಿಯೇ ಮತ್ತೊಂದು ಯೋಚನೆ ಬರುತ್ತದೆ: ಈಗಲೇ ಕೊಟ್ಟರೆ ತನ್ನ ಪರಾಕ್ರಮ, ಬಿರುದು, ವೀರಖ್ಯಾತಿ ಎಲ್ಲ ವ್ಯರ್ಥವಾಗುವುವು. ಆದುದರಿಂದ ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೋಲಿಸಿ, ವಿರಥರನ್ನಾಗಿ ಮಾಡಿ, ಸೆರೆಹಿಡಿದು ತಂದು, ಆಮೇಲೆ ಸೀತೆಯನ್ನು ಒಪ್ಪಿಸುವೆನೆಂದು ತೀರ್ಮಾನಿಸುತ್ತಾನೆ.

ಈ ತೀರ್ಮಾನವೇ ದುರಂತದ ತಿರುಳು. ರಾಗ ಅಳಿದಿದೆ. ಸೀತೆ ಈಗ ಅವನಿಗೆ ಬೇಕಾಗಿಲ್ಲ. ಯುದ್ಧಕ್ಕಿದ್ದ ಕಾರಣವೇ ಇಲ್ಲವಾಗಿದೆ. ಆದರೂ ಅವನು ಯುದ್ಧಕ್ಕೆ ಹೊರಡುತ್ತಾನೆ. ಏತಕ್ಕಾಗಿ? ತಾನು ಒಳ್ಳೆಯವನಾದುದು ಸೋಲಿನಿಂದಲ್ಲವೆಂದು ಲೋಕಕ್ಕೆ ತೋರಿಸುವುದಕ್ಕಾಗಿ. ಉಪರಂಭೆಯನ್ನು ಬಿಟ್ಟರೂ ಗೆಲವನ್ನು ಬಿಡದ ಅದೇ ರಾವಣನನ್ನು ನಾವು ಇಲ್ಲಿ ಮತ್ತೆ ಕಾಣುತ್ತೇವೆ.

ಅವನನ್ನು ಕೆಡಿಸಿದ ಈ ಗುಣಕ್ಕೆ ಅಭಿಮಾನವೆಂದು ಹೆಸರು. ಇದು ದುರ್ಗುಣವೇ? ನಮ್ಮ ಆಸ್ಥಾನಕಾವ್ಯಗಳ ವೀರನೀತಿಯನ್ನು ಕೇಳಿದರೆ, ಅಲ್ಲ. ಪಂಪನ ಕರ್ಣನಿಗೂ ರನ್ನನ ದುರ್ಯೋಧನನಿಗೂ ಭೂಷಣವಾಗಿರುವುದು ಇದೇ ಛಲ, ಇದೇ ಅಭಿಮಾನ. ರನ್ನನ ದುರ್ಯೋಧನನು ಎಲ್ಲವನ್ನೂ ಕಳೆದುಕೊಂಡ ಮೇಲೂ ಸಂಧಿಯನ್ನು ಒಪ್ಪದಿರುವಾಗ ನಾವು ಮೆಚ್ಚುತ್ತೇವೆ. ಆದರೆ ಜೈನಧರ್ಮದ ನೀತಿಯನ್ನು ಕೇಳಿದರೆ ಉತ್ತರ ಬೇರೆ. ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು ಕಷಾಯಗಳಲ್ಲಿ ಮಾನ ಎರಡನೆಯದು. ಆತ್ಮವನ್ನು ಕರ್ಮಕ್ಕೆ ಅಂಟಿಸುವ ಬಂಧನ. ಒಂದು ನೀತಿಯ ಗುಣ ಇನ್ನೊಂದು ನೀತಿಯ ದೋಷ. ಕನ್ನಡದ ಜೈನ ಕವಿಗಳು ಈ ಎರಡು ನೀತಿಗಳನ್ನೂ ಒಟ್ಟಿಗೆ ಉಸಿರಾಡಿದವರು. ನಾಗಚಂದ್ರನ ರಾವಣನು ಈ ಎರಡರ ಸಂಗಮದಲ್ಲಿ ನಿಂತಿದ್ದಾನೆ. ಅವನ ಸೀತಾವೈರಾಗ್ಯ ಒಂದು ನೀತಿಗೆ ಸೇರಿದುದು, ಯುದ್ಧದ ಸಂಕಲ್ಪ ಇನ್ನೊಂದಕ್ಕೆ. ತಾನು ಎರಡನ್ನೂ ಸಾಧಿಸಬಲ್ಲೆನೆಂದು ನಂಬಿದ್ದೇ ಅವನ ದೊಡ್ಡ ತಪ್ಪು.

ಇನ್ನೊಂದು ಅಂಶ ಇದಕ್ಕಿಂತಲೂ ಮುಖ್ಯವಾದುದು. ವ್ರತವನ್ನು ತೊಟ್ಟು ಅದನ್ನು ಮುರಿಯದೆ ಉಳಿಸಿಕೊಂಡ ಸ್ಥೈರ್ಯ ಎಲ್ಲಿಂದ ಬಂತು? ಜಿನಾಲಯದಲ್ಲಿ ಅಲುಗಾಡದೆ ಕುಳಿತು ವಿದ್ಯೆಯನ್ನು ಸಾಧಿಸಿದ ದಾರ್ಢ್ಯ ಎಲ್ಲಿಯದು? ಆಡಿದ ಮಾತಿನಿಂದ, ಹಿಡಿದ ಕೆಲಸದಿಂದ ಹಿಂದೆಗೆಯುವುದು ತನಗೆ ತಕ್ಕುದಲ್ಲವೆಂಬ ಅಭಿಮಾನದಿಂದಲೇ ಬಂದದ್ದು. ಸೀತೆಯ ಶೀಲವನ್ನು ಕಾಪಾಡಿದ ಗುಣವೇ ಸೀತೆಯನ್ನು ಹಿಂದಿರುಗಿಸದಂತೆ ತಡೆದ ಗುಣ. ಆದುದರಿಂದ ಇಲ್ಲಿ ಇಬ್ಬರು ಜಟ್ಟಿಗಳಿಲ್ಲ. ಎರಡು ಮುಖಗಳಿರುವ ಒಂದೇ ಶಕ್ತಿ ಇದೆ. ಒಳಿತನ್ನು ಕೀಳದೆ ಕೆಡುಕನ್ನು ಕೀಳಲು ಬಾರದಷ್ಟು ಅವೆರಡರ ಬೇರುಗಳು ಹೆಣೆದುಕೊಂಡಿವೆ. ರಾವಣನ ಸಾವು ಕೂಡ ಇದಕ್ಕೆ ತಕ್ಕಂತೆಯೇ ಇದೆ. ಅವನು ಪ್ರಯೋಗಿಸಿದ ಚಕ್ರರತ್ನ ಲಕ್ಷ್ಮಣನ ಕೈಸೇರಿ, ಅದರಿಂದಲೇ ಅವನು ಮಡಿಯುತ್ತಾನೆ. ಕಥೆ ಪರಂಪರೆಯದೇ ಆದರೂ, ತನ್ನ ಆಯುಧದಿಂದಲೇ ತಾನು ಸಾಯುವ ಈ ವಿಧಿ ಅವನ ಅಂತರಂಗದ ಚರಿತ್ರೆಗೆ ಎಷ್ಟು ಒಪ್ಪುತ್ತದೆ!

೬

ಶೇಕ್ಸ್‌ಪಿಯರನ ಮ್ಯಾಕ್‌ಬೆತ್‌ನೊಂದಿಗೆ ಹೋಲಿಸಿದರೆ ಈ ವಿಚಾರ ಇನ್ನಷ್ಟು ಸ್ಪಷ್ಟವಾಗುತ್ತದೆ. ಮ್ಯಾಕ್‌ಬೆತ್‌ನಿಗೆ ಡಂಕನ್ ದೊರೆಯನ್ನು ಕೊಲ್ಲುವ ಮೊದಲೇ ಅದು ಘೋರಪಾಪವೆಂದು ಗೊತ್ತು. ದೊರೆ ತನ್ನ ಬಂಧು, ತನ್ನ ಮನೆಯ ಅತಿಥಿ, ಸಜ್ಜನ ಎಂಬುದೆಲ್ಲವನ್ನೂ ಅವನು ಆಲೋಚಿಸುತ್ತಾನೆ, ಆಲೋಚಿಸಿಯೂ ಕೊಲ್ಲುತ್ತಾನೆ. ಆಮೇಲೆ ಬ್ಯಾಂಕೋ, ಅನಂತರ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳು; ಕೊಲೆಯಿಂದ ಕೊಲೆಗೆ ಅವನ ಮನಸ್ಸು ಜಡ್ಡುಗಟ್ಟುತ್ತ ಹೋಗಿ, ಕೊನೆಗೆ ಹೆಂಡತಿಯ ಸಾವೂ ಅವನನ್ನು ಅಲುಗಿಸುವುದಿಲ್ಲ. ಅಲ್ಲಿ ಅರಿವು ಮೊದಲು, ಕೃತ್ಯ ಆಮೇಲೆ. ರಾವಣನಲ್ಲಿ ಕೃತ್ಯ ಮೊದಲು, ಅರಿವು ಆಮೇಲೆ. ಮ್ಯಾಕ್‌ಬೆತ್‌ನು ಸಾಯುವ ಹೊತ್ತಿಗೆ ಅವನಲ್ಲಿ ಉಳಿದಿರುವ ಮುಖ್ಯ ಗುಣ ಒಂದು ಧೈರ್ಯ. ರಾವಣನಾದರೋ ತನ್ನ ಬಾಳಿನ ಅತ್ಯಂತ ನಿರ್ಮಲವಾದ ನಿಶ್ಚಯವನ್ನು ಎದೆಯಲ್ಲಿಟ್ಟುಕೊಂಡೇ ಸಾಯುತ್ತಾನೆ. ಮೊದಲನೆಯದು ಮನುಷ್ಯನೊಬ್ಬ ಬರಿದಾಗುವ ದುರಂತ; ಎರಡನೆಯದು ತುಂಬಿಕೊಳ್ಳುತ್ತಿರುವಾಗಲೇ ಒಡೆದುಹೋಗುವ ದುರಂತ.

ಇಲ್ಲಿ ಎರಡು ಆಕ್ಷೇಪಣೆಗಳಿಗೆ ಉತ್ತರ ಹೇಳಬೇಕು. ಕರ್ಮಸಿದ್ಧಾಂತವನ್ನು ಒಪ್ಪಿದ ಕಾವ್ಯದಲ್ಲಿ ದುರಂತ ಸಾಧ್ಯವೇ ಎಂಬುದು ಮೊದಲನೆಯದು. ಜೈನ ಪರಂಪರೆಯಂತೆ ರಾವಣನು ಪ್ರತಿವಾಸುದೇವ. ವಾಸುದೇವನಾದ ಲಕ್ಷ್ಮಣನಿಂದ ಅವನ ಮರಣ ಪೂರ್ವನಿಯತ. ಮುಂದೆ ಅನೇಕ ಜನ್ಮಗಳ ನಂತರ ಅವನು ತೀರ್ಥಂಕರನಾಗುವನೆಂದೂ ಹೇಳಿದೆ. ಹೀಗಿರುವಾಗ ಶೋಕವೆಲ್ಲಿ? ಆದರೆ ಈ ಸಿದ್ಧಾಂತ ಕರ್ಮವನ್ನು ಹೊರಗಿನ ದೈವವಾಗಿ ಕಾಣುವುದಿಲ್ಲ. ಜೀವನು ತನ್ನ ಕಷಾಯಗಳಿಂದ ತಾನೇ ಕಟ್ಟಿಕೊಂಡ ಬಂಧನವೆಂದು ಕಾಣುತ್ತದೆ. ನಿಯತಿ ಇಲ್ಲಿ ಸ್ವಭಾವದ ಮೂಲಕವೇ ಕೆಲಸಮಾಡುತ್ತದೆ. ಜೀವನ ದೀರ್ಘಯಾತ್ರೆಯಲ್ಲಿ ಭರವಸೆಯಿದ್ದರೂ ಈ ಒಂದು ಜನ್ಮದ ನಷ್ಟ ನಷ್ಟವೇ.

ಎರಡನೆಯ ಆಕ್ಷೇಪಣೆ ಹೆಚ್ಚು ಗಂಭೀರವಾದುದು. ರಾವಣನನ್ನು ಹೀಗೆ ಮೇಲೆತ್ತುವುದರಲ್ಲಿ ನಾವು ಸೀತೆಯನ್ನು ಮರೆಯುತ್ತಿಲ್ಲವೆ? ಈ ಎಚ್ಚರಿಕೆ ಅವಶ್ಯವಾದುದೆಂದು ನಾವು ಒಪ್ಪುತ್ತೇವೆ. ಅವನ ಅರಿವು ಹುಟ್ಟಿದ್ದು ಅವಳ ಮೂರ್ಛೆಯಿಂದ. ನೀರು ತನ್ನಷ್ಟಕ್ಕೆ ತಾನೇ ತಿಳಿಯಾಯಿತೆಂದು ಕವಿ ಹೇಳಿದರೂ, ಕಲಕುವ ಕೈಯನ್ನು ನಿಲ್ಲಿಸಿದವಳು ಅವಳೇ. ಇಷ್ಟಾದರೂ ರಾವಣನ ಕೊನೆಯ ಸಂಕಲ್ಪದಲ್ಲಿ ಅವಳು ‘ಕೊಡಬೇಕಾದ’ ವಸ್ತುವಾಗಿಯೇ ಉಳಿದಿದ್ದಾಳೆ. ಅವನು ಪರಾಕ್ರಮದ ಲೆಕ್ಕ ಹಾಕುತ್ತಿರುವಾಗ ಅವಳ ಸೆರೆ ಇನ್ನೂ ಮುಂದುವರಿಯುತ್ತಿದೆಯೆಂಬುದು ಅವನ ಗಮನಕ್ಕೆ ಬರುವುದಿಲ್ಲ. ಅಭಿಮಾನದ ಕುರುಡು ಇಲ್ಲಿಯೇ ಇದೆ. ತನ್ನ ಪಶ್ಚಾತ್ತಾಪವೂ ತನ್ನ ಹಿರಿಮೆಯ ಒಂದು ಅಲಂಕಾರವಾಗಬೇಕೆಂದು ಅದು ಬಯಸುತ್ತದೆ. ರಾವಣನ ಬಗ್ಗೆ ಮರುಗುವುದೆಂದರೆ ಅವನನ್ನು ಖುಲಾಸೆ ಮಾಡುವುದೆಂದಲ್ಲ.

ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ (೧೯೪೯) ಈ ಮನಃಪರಿವರ್ತನೆಯನ್ನು ಇನ್ನೂ ಮುಂದಕ್ಕೆ ಒಯ್ದು ರಾವಣನಿಗೆ ಸೀತೆಯಲ್ಲಿ ಮಾತೃಭಾವವನ್ನು ಕಾಣಿಸಿದೆ. ಅಲ್ಲಿಯ ದೃಷ್ಟಿ ಉದ್ಧಾರದ ಕಡೆಗೆ ಹರಿದಿದೆ. ನಾಗಚಂದ್ರನು ಅಷ್ಟು ದೂರ ಹೋಗದೆ, ಅರಿವಿಗೂ ಆಚರಣೆಗೂ ನಡುವಿನ ಕಿರಿದಾದ ಅಂತರದಲ್ಲಿಯೇ ನಿಂತುಕೊಂಡಿದ್ದಾನೆ. ವರ್ಣನೆಗಳ ಭಾರ, ಸಂಪ್ರದಾಯದ ಕಟ್ಟು, ಆ ಘಟ್ಟದ ಸಂಕ್ಷೇಪ ಇವೆಲ್ಲ ಅವನ ಕಾವ್ಯದ ಮಿತಿಗಳು. ಆದರೂ ತಪ್ಪನ್ನು ತಿಳಿದುಕೊಂಡ ಮೇಲೆ ಅದನ್ನು ತಿದ್ದಿಕೊಳ್ಳಲು ಗೌರವಯುತವಾದ ಒಂದು ಸಮಯಕ್ಕಾಗಿ ಕಾಯುವ ಮನುಷ್ಯನನ್ನು ಅವನು ಕಂಡಷ್ಟು ಸ್ಪಷ್ಟವಾಗಿ ನಮ್ಮ ಹಳೆಯ ಕವಿಗಳಲ್ಲಿ ಮತ್ತೊಬ್ಬರು ಕಂಡಿಲ್ಲ. ರಾವಣನಿಗೆ ಬೇಕಾಗಿದ್ದುದು ಒಂದು ದಿನದ ಗೆಲವು. ಅದರ ಮಾರನೆಯ ದಿನ ಅವನು ಸೀತೆಯನ್ನು ಒಪ್ಪಿಸುವವನಿದ್ದ. ಆ ಮಾರನೆಯ ದಿನ ಬರಲಿಲ್ಲ.